ಉದ್ಯಾನವನದ ಒಂದು ಭಾಗವನ್ನು ಖಾಸಗಿಯವರಿಗೆ ಗುತ್ತಿಗೆಗೆ ಕೊಡುವುದನ್ನು ತಡೆಯಲು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ

ನಮ್ಮ ಬಡಾವಣೆಯ ಸಾರ್ವಜನಿಕ ಉದ್ಯಾನವನದ ಸುಮಾರು ಕಾಲು ಭಾಗವನ್ನು ಖಾಸಗಿ ಕ್ರೀಡಾ ಸಂಸ್ಥೆಯೊಂದಕ್ಕೆ 30 ವರ್ಷಗಳ ಗುತ್ತಿಗೆಗೆ ಕೊಡುವ ಪ್ರಸ್ತಾವ ಸ್ಥಳೀಯ ಆಡಳಿತದ ಮುಂದಿದೆ. ಸಂಸ್ಥೆಯವರು ಅಲ್ಲಿ ಒಳಾಂಗಣ ಕ್ರೀಡಾಂಗಣವನ್ನೂ ವಾಹನ ನಿಲುಗಡೆಯ ಜಾಗವನ್ನೂ ನಿರ್ಮಿಸುವರಂತೆ. ಅದಕ್ಕೆ ಪ್ರತಿಯಾಗಿ ಉಳಿದ ಮುಕ್ಕಾಲು ಭಾಗದ ನಿರ್ವಹಣೆಯನ್ನು ತಾವೇ ವಹಿಸಿಕೊಂಡು, ದಿನಕ್ಕೆ ಎರಡು ಗಂಟೆ ಸುತ್ತಲಿನ ಮಕ್ಕಳಿಗೆ ಉಚಿತ ಪ್ರವೇಶ ಕೊಡುವುದಾಗಿ ಹೇಳುತ್ತಿದ್ದಾರೆ.

ನಿವಾಸಿಗಳಲ್ಲಿಯೇ ಒಮ್ಮತವಿಲ್ಲ ಎಂಬುದು ನಮಗಿರುವ ದೊಡ್ಡ ತೊಡಕು. ಉದ್ಯಾನವನದ ದೀಪಗಳು ಉರಿಯದೆ ಬಹಳ ಕಾಲವಾಯಿತು, ನಡಿಗೆಯ ದಾರಿ ಕಿತ್ತುಹೋಗಿದೆ. ಹೀಗೆ ಹಾಳು ಬೀಳುವುದಕ್ಕಿಂತ ಯಾರಾದರೂ ನೋಡಿಕೊಳ್ಳಲಿ ಎಂದು ಅರ್ಧದಷ್ಟು ಜನ ವಾದಿಸುತ್ತಿದ್ದಾರೆ, ಮತ್ತು ಅವರ ಮಾತನ್ನು ತಳ್ಳಿಹಾಕಲು ನನಗೂ ಮನಸ್ಸಾಗುತ್ತಿಲ್ಲ. ಸಾರ್ವಜನಿಕ ಜಾಗವನ್ನು ಹೀಗೆ ಕೊಡಲು ಆಡಳಿತಕ್ಕೆ ಅಧಿಕಾರವಿದೆಯೇ? ನಾವು ಸಹಿ ಸಂಗ್ರಹ ಆರಂಭಿಸಿದ್ದೇವೆ. ಅದರಿಂದ ಏನಾದರೂ ಪ್ರಯೋಜನವಿದೆಯೇ? ಇಂತಹ ಪ್ರಸಂಗವನ್ನು ಹತ್ತಿರದಿಂದ ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1

ಸಹಿ ಸಂಗ್ರಹ ನಡೆಯಲಿ, ಆದರೆ ಅದಕ್ಕಿಂತ ಮೊದಲು ಆ ಜಾಗ ಯಾವ ಕಾಗದದ ಬಲದಿಂದ ಉದ್ಯಾನವನವಾಯಿತು ಎಂಬುದನ್ನು ಪತ್ತೆ ಮಾಡಿ. ಅನುಮೋದಿತ ಬಡಾವಣೆ ನಕ್ಷೆಯಲ್ಲಿ ಉದ್ಯಾನಕ್ಕೆಂದು ಕಾಯ್ದಿರಿಸಿದ ಜಾಗ, ಯಾರೋ ದಾನಪತ್ರದ ಮೂಲಕ ಷರತ್ತು ವಿಧಿಸಿ ಕೊಟ್ಟ ಜಾಗ, ಆಡಳಿತದ ಖಾಲಿ ಜಾಗದಲ್ಲಿ ಗಿಡ ನೆಟ್ಟು ಬೇಲಿ ಹಾಕಿದ್ದರಿಂದ ರೂಢಿಯಲ್ಲಿ ಉದ್ಯಾನವನವೆನಿಸಿಕೊಂಡ ಜಾಗ: ಈ ಮೂರೂ ನೋಡುವ ಕಣ್ಣಿಗೆ ಒಂದೇ ರೀತಿ ಇದ್ದರೂ ಕಾನೂನಿನ ಎದುರು ಅವುಗಳ ಬಲ ಒಂದೇ ಅಲ್ಲ. ಮೂರನೆಯದು ಎಲ್ಲಕ್ಕಿಂತ ದುರ್ಬಲ.

ಕಾಯ್ದಿರಿಸಿದ ಜಾಗದ ವಿಷಯದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ 1991ರಲ್ಲಿ ತೀರ್ಮಾನಿಸಿದ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವನ್ನು ಎಲ್ಲರೂ ಮೊದಲಿಗೆ ಉಲ್ಲೇಖಿಸುತ್ತಾರೆ. ಬಡಾವಣೆಯ ಯೋಜನೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ನಿವೇಶನವನ್ನು ಸರ್ಕಾರದ ಸೂಚನೆಯ ಮೇರೆಗೆ ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಹಂಚಲಾಗಿತ್ತು, ಮತ್ತು ನಿವಾಸಿಗಳು ಅದನ್ನು ಪ್ರಶ್ನಿಸಿದರು. ಪ್ರಶ್ನಿಸಲು ನಿಮಗೇನು ಹಕ್ಕು ಎಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಆ ಬಯಲು ಜಾಗದ ಗಾಳಿ ಬೆಳಕನ್ನು ಅನುಭವಿಸುವವರು ಅಲ್ಲಿಯ ನಿವಾಸಿಗಳೇ ಆದ್ದರಿಂದ ಹಕ್ಕೂ ಅವರದೇ ಎಂಬುದು ತೀರ್ಪಿನ ತಿರುಳು. ನರ್ಸಿಂಗ್ ಹೋಮ್ ಕೂಡ ಜನರಿಗೆ ಉಪಯುಕ್ತವಲ್ಲವೇ ಎಂಬ ಮಾತಿಗೆ, ಲಾಭಕ್ಕಾಗಿ ನಡೆಯುವ ಸಂಸ್ಥೆಯನ್ನು ಎಲ್ಲರಿಗೂ ತೆರೆದಿರುವ ಉದ್ಯಾನದ ಸಾಲಿನಲ್ಲಿ ಇರಿಸಲಾಗದು ಎಂಬ ಉತ್ತರ ದೊರೆಯಿತು. ನಿಮ್ಮ ಕ್ರೀಡಾ ಸಂಸ್ಥೆಯ ‘ಉಚಿತ ಎರಡು ಗಂಟೆ’ಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿ.

ಕಾನೂನಿನ ಬಲ ಹಲವೊಮ್ಮೆ ಕೇವಲ ಕಾರ್ಯವಿಧಾನದಲ್ಲಿ ಅಡಗಿರುತ್ತದೆ. ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಪಟ್ಟಣದ ಕೌನ್ಸಿಲ್ 2017ರಲ್ಲಿ ಸಾರ್ವಜನಿಕ ಆಟದ ಬಯಲಿನ ಒಂದು ತುಂಡನ್ನು ಮನೆ ಕಟ್ಟುವ ಸಂಸ್ಥೆಗೆ ಮಾರಿತು. ಅಲ್ಲಿಯ ಕಾಯ್ದೆಯಂತೆ ಇಂತಹ ಜಾಗವನ್ನು ಕೊಡುವ ಮುನ್ನ ಸ್ಥಳೀಯ ಪತ್ರಿಕೆಯಲ್ಲಿ ಸತತ ಎರಡು ವಾರ ಪ್ರಕಟಣೆ ನೀಡಿ ಆಕ್ಷೇಪಣೆಗಳನ್ನು ಪರಿಶೀಲಿಸಬೇಕು, ಅದು ನಡೆದಿರಲಿಲ್ಲ. ಒಬ್ಬ ನಿವಾಸಿ ಕೊನೆಯ ಹಂತದವರೆಗೆ ಹೋರಾಡಿದ ಫಲವಾಗಿ 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಟ್ಟಡದ ಅನುಮತಿಯನ್ನು ರದ್ದುಪಡಿಸಿತು, ಮಾರಾಟವಾದ ಮೇಲೂ ಜನರ ಹಕ್ಕು ಆ ನೆಲದ ಮೇಲೆ ಉಳಿದಿದೆ ಎಂದಿತು. ಇದರ ಇನ್ನೊಂದು ಮುಖವನ್ನೂ ಮರೆಯಬಾರದು: ಎರಡು ವಾರ ಪ್ರಕಟಣೆ ಕೊಟ್ಟಿದ್ದರೆ, ಆಕ್ಷೇಪಣೆಗಳನ್ನು ಪರಿಶೀಲಿಸಿದ ನಂತರ ಅದೇ ಮಾರಾಟದೊಂದಿಗೆ ಜನರ ಆ ಹಕ್ಕು ಕೊನೆಗೊಳ್ಳುತ್ತಿತ್ತು. ಆದ್ದರಿಂದ ಪತ್ರಿಕೆಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಪ್ರಕಟಣೆಗಳನ್ನು ನಿಮ್ಮಲ್ಲಿ ಒಬ್ಬರಾದರೂ ನಿತ್ಯ ಓದುವ ಏರ್ಪಾಡಾಗಲಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿಯಾದರೂ ನ್ಯಾಯಾಲಯವನ್ನೇ ನಂಬಿ ಕೂರಬೇಡಿ ಎಂದು ಸೇರಿಸಲು ಬಯಸುತ್ತೇನೆ. ನೈರೋಬಿಯ ಉಹುರು ಉದ್ಯಾನದಲ್ಲಿ 60 ಅಂತಸ್ತಿನ ಗೋಪುರ ಕಟ್ಟುವ ಯೋಜನೆಯನ್ನು 1989ರಲ್ಲಿ ಕೀನ್ಯಾದ ಪರಿಸರ ಹೋರಾಟಗಾರ್ತಿ ವಂಗಾರಿ ಮಾತಾಯ್ ವಿರೋಧಿಸಿದಾಗ, ಅಲ್ಲಿನ ಉಚ್ಚ ನ್ಯಾಯಾಲಯ ಅವರ ಅರ್ಜಿಯನ್ನು ವಜಾ ಮಾಡಿತು. ಅಧಿಕಾರದಲ್ಲಿದ್ದವರು ಅವರನ್ನು ಬಹಿರಂಗವಾಗಿ ಹಂಗಿಸಿದರು. ಆದರೂ ಆ ಗೋಪುರ ಏಳಲಿಲ್ಲ, ಏಕೆಂದರೆ ಅವರು ಬರೆದ ಪತ್ರಗಳು ಸರ್ಕಾರದ ಕಚೇರಿಗಳಿಗೆ ಮಾತ್ರ ಹೋಗದೆ, ಹಣ ಹೂಡಲು ಮುಂದಾಗಿದ್ದ ವಿದೇಶಗಳವರನ್ನೂ ತಲುಪಿದ್ದವು, ಮತ್ತು ಅವರು ಹಿಂದೆ ಸರಿದರು. ನಿಮ್ಮಲ್ಲಿಯೂ ಕ್ರೀಡಾ ಸಂಸ್ಥೆಗೆ ಸಾಲ ಕೊಡುವವರು ಯಾರು, ಪ್ರಾಯೋಜಕರು ಯಾರು ಎಂದು ತಿಳಿದುಕೊಳ್ಳಿ; ವಿವಾದವಿರುವ ನೆಲದ ಮೇಲೆ ಹಣ ಹಾಕಲು ಅವರು ಹಿಂಜರಿಯುವುದು ಸಹಜ.

ಸಿಡ್ನಿಯ ಕೆಲ್ಲೀಸ್ ಬುಷ್ ಪ್ರಸಂಗ ಇದಕ್ಕಿಂತ ಸ್ವಾರಸ್ಯಕರ. ಆ ಕಾಡುಜಾಗ ಆಗ ಸಾರ್ವಜನಿಕರ ಸ್ವತ್ತೇ ಆಗಿರಲಿಲ್ಲ, ಖಾಸಗಿಯವರದಾಗಿತ್ತು; ಅಲ್ಲಿ ಮನೆಗಳನ್ನು ಕಟ್ಟಲು ಒಂದು ಸಂಸ್ಥೆ ಹೊರಟಿತ್ತು. ಹಾಗಾಗಿ ಕಾಗದದ ಬಲವೆಂಬುದು ಅಲ್ಲಿ ಇರಲೇ ಇಲ್ಲ. ಅದರ ಪಕ್ಕದಲ್ಲಿ ವಾಸವಿದ್ದ 13 ಮಂದಿ ಮಹಿಳೆಯರು ಆಡಳಿತಕ್ಕೆ ಮನವಿ ಸಲ್ಲಿಸಿ ಸಲ್ಲಿಸಿ ಸೋತ ಮೇಲೆ 1971ರಲ್ಲಿ ಕಟ್ಟಡ ಕಾರ್ಮಿಕರ ಸಂಘದ ನೆರವು ಕೋರಿದರು. ಇದು ಊರಿನವರ ಬೇಡಿಕೆಯೆಂದು ಮೊದಲು ಸಾರ್ವಜನಿಕ ಸಭೆ ಕರೆದು ತೋರಿಸಿ ಎಂದಿತು ಸಂಘ. ಸಭೆ ನಡೆಯಿತು, ಜನ ತುಂಬಿದರು, ಕಾರ್ಮಿಕರು ಆ ನೆಲದಲ್ಲಿ ಕೆಲಸ ಮಾಡುವುದಿಲ್ಲವೆಂದು ನಿರ್ಣಯಿಸಿದರು. ಬೇರೆ ಕೂಲಿಗಳನ್ನು ಕರೆಸುತ್ತೇವೆಂದು ಸಂಸ್ಥೆ ಬೆದರಿಸಿದಾಗ, ಅದೇ ಸಂಸ್ಥೆಯ ಮತ್ತೊಂದು ಕಟ್ಟಡದ ಕಾರ್ಮಿಕರು, ಅಲ್ಲಿ ಒಂದು ಮರ ಬಿದ್ದರೆ ಈ ಕಟ್ಟಡ ಎಂದೆಂದಿಗೂ ಅರ್ಧಕ್ಕೇ ನಿಲ್ಲುತ್ತದೆ ಎಂದುಬಿಟ್ಟರು. 1983ರಲ್ಲಿ ರಾಜ್ಯ ಸರ್ಕಾರ ಆ ಜಾಗವನ್ನು ಕೊಂಡು ಸಾರ್ವಜನಿಕರಿಗೆ ಉಳಿಸಿತು.

ಸಹಿ ಸಂಗ್ರಹದ ಬಗ್ಗೆ ಒಂದು ಮಾತು. ಸಾವಿರ ಹೆಸರುಗಳ ಪಟ್ಟಿಗಿಂತ, ಉದ್ಯಾನವನದ ಆ ಕಾಲು ಭಾಗಕ್ಕೆ ಬೆಳಗಿನಿಂದ ರಾತ್ರಿಯವರೆಗೆ ಯಾರು ಯಾರು, ಯಾವ ಹೊತ್ತಿನಲ್ಲಿ, ಯಾವ ಕಾರಣಕ್ಕೆ ಬರುತ್ತಾರೆ ಎಂದು ನಾಲ್ಕು ವಾರ ಬರೆದಿಟ್ಟ ಪುಸ್ತಕ ಹೆಚ್ಚು ತೂಕದ್ದು. ‘ಬಳಕೆಯಲ್ಲಿಲ್ಲದ ಜಾಗ’ ಎಂಬ ಒಂದು ಪದ ಪ್ರಸ್ತಾವದಲ್ಲಿ ಖಂಡಿತ ಇರುತ್ತದೆ. ಅದನ್ನು ಅಳಿಸಲು ಅಂತಹ ದಾಖಲೆಯೇ ಬೇಕು.

ಉತ್ತರ 3

ನಾನು ಹಲವು ವರ್ಷ ನಗರ ಯೋಜನೆಯ ಕೆಲಸದಲ್ಲಿದ್ದವನು. ನನ್ನ ಮಾತು ಇಲ್ಲಿ ಕೆಲವರಿಗೆ ಹಿಡಿಸದಿರಬಹುದು. ಉದ್ಯಾನವನದಲ್ಲಿ ಕಟ್ಟಡವೆಂದೊಡನೆ ವಿರೋಧಿಸುವುದು ಯಾವಾಗಲೂ ಜಾಣತನವಲ್ಲ. ಷಿಕಾಗೋದ ಸರೋವರದ ದಂಡೆಯಲ್ಲಿ ಚಲನಚಿತ್ರ ನಿರ್ದೇಶಕ ಜಾರ್ಜ್ ಲ್ಯೂಕಸ್ ತಮ್ಮ ಹಣದಿಂದ ವಸ್ತುಸಂಗ್ರಹಾಲಯ ಕಟ್ಟಲು ಮುಂದಾದಾಗ, ಉದ್ಯಾನಗಳ ಪರವಾದ ಸಂಘಟನೆಯೊಂದು 2014ರಲ್ಲಿ ದಾವೆ ಹೂಡಿತು, 2016ರಲ್ಲಿ ಅವರು ಆ ಊರನ್ನೇ ಬಿಟ್ಟರು. ಹಾಗೆ ಉಳಿಸಿಕೊಂಡ ನೆಲ ಆ ಹೊತ್ತಿಗೆ ವಾಹನ ನಿಲ್ಲಿಸುವ ಜಾಗವಾಗಿತ್ತು! ತತ್ತ್ವ ಗೆದ್ದಿತು ಎನ್ನುವವರೂ ಇದ್ದಾರೆ, ಊರು ಸೋತಿತು ಎನ್ನುವವರೂ ಇದ್ದಾರೆ.

ಅಮೆರಿಕದಲ್ಲಿ 1965ರ ಒಂದು ಕಾಯ್ದೆಯಂತೆ, ಕೇಂದ್ರದ ಅನುದಾನ ಪಡೆದ ಉದ್ಯಾನದ ಜಾಗವನ್ನು ಬೇರೆ ಬಳಕೆಗೆ ಕೊಡಬೇಕಾದರೆ ಕನಿಷ್ಠ ಅಷ್ಟೇ ಮಾರುಕಟ್ಟೆ ಮೌಲ್ಯದ, ಅಷ್ಟೇ ಉಪಯುಕ್ತವಾದ ಬದಲಿ ಜಾಗವನ್ನು ಒದಗಿಸಬೇಕು. ಇಂತಹ ಷರತ್ತನ್ನು ನೀವೂ ಕೇಳಬಹುದು. ಅದಕ್ಕಿಂತ ಮುಖ್ಯವಾಗಿ, ದೀಪ ಉರಿಯದ ಉದ್ಯಾನವನ್ನು ಉಳಿಸಿಕೊಂಡು ಮುಂದೇನು ಮಾಡುತ್ತೀರಿ ಎಂಬುದಕ್ಕೆ ನಿಮ್ಮ ಬಳಿ ಉತ್ತರವಿಲ್ಲದಿದ್ದರೆ, ಇದೇ ಪ್ರಸ್ತಾವ ಐದು ವರ್ಷಗಳ ನಂತರ ಬೇರೆ ಹೆಸರಿನಲ್ಲಿ ಮರಳಿ ಬರುತ್ತದೆ. ನಿರ್ಲಕ್ಷ್ಯವೇ ಪರಭಾರೆಯ ಮೊದಲ ಕಂತು ಎಂಬುದನ್ನು ನನ್ನ ಕೆಲಸದ ಅವಧಿಯಲ್ಲಿ ಅನೇಕ ಬಾರಿ ಕಂಡಿದ್ದೇನೆ.

ಉತ್ತರ 1ರವರಿಂದ ಮತ್ತೆ

ಬದಲಿ ಜಾಗದ ಷರತ್ತು ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಬದಲಿ ಜಾಗ ಊರಂಚಿನಲ್ಲಿ ದೊರೆತರೆ ಈಗಿನ ಉದ್ಯಾನಕ್ಕೆ ನಡೆದು ಬರುವ ವೃದ್ಧರಿಗೆ ಅದರಿಂದ ಏನು ಸಿಕ್ಕಿತು? ಷರತ್ತು ಕೇಳುವುದಾದರೆ ನಡಿಗೆಯ ದೂರವನ್ನೂ ಅದರಲ್ಲಿ ನಮೂದಿಸಿ. ನಿರ್ವಹಣೆಯ ವಿಷಯದಲ್ಲಿ ಮಾತ್ರ ಮೇಲಿನವರ ಮಾತನ್ನು ಪೂರ್ತಿಯಾಗಿ ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಈ ನಡುವೆ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿಯನ್ನೂ ಗುತ್ತಿಗೆಯ ಕರಡನ್ನೂ ಪಡೆದುಕೊಂಡೆವು. ಕೊಡಲು ಹೊರಟಿರುವ ಕಾಲು ಭಾಗ ನಕ್ಷೆಯಲ್ಲಿ ಉದ್ಯಾನಕ್ಕೆ ಕಾಯ್ದಿರಿಸಿದ ಗಡಿಯ ಒಳಗೇ ಇದೆ. ಕರಡನ್ನು ಓದಿದಾಗ ಗಮನಕ್ಕೆ ಬಂದ ಸಂಗತಿಯೆಂದರೆ, ಉಳಿದ ಭಾಗವನ್ನು ಸಂಸ್ಥೆ ನಿರ್ವಹಿಸುವುದೆಂದು ಒಂದು ಸಾಲಿನಲ್ಲಿ ಹೇಳಿದ್ದರೂ, ನಿರ್ವಹಿಸದಿದ್ದರೆ ಗುತ್ತಿಗೆ ರದ್ದಾಗುತ್ತದೆ ಎಂಬ ಮಾತು ಎಲ್ಲಿಯೂ ಇಲ್ಲ. ಉಚಿತ ಪ್ರವೇಶದ ಎರಡು ಗಂಟೆಗಳು ಯಾವುವು ಎಂಬುದನ್ನು ಸಂಸ್ಥೆಯೇ ನಿರ್ಧರಿಸಬಹುದಂತೆ. ಪ್ರಸ್ತಾವದ ಪರವಾಗಿದ್ದ ನೆರೆಯವರಿಗೆ ಈ ಎರಡು ಪುಟಗಳನ್ನು ತೋರಿಸಿದೆವು, ಅವರಲ್ಲಿ ಕೆಲವರು ಈಗ ಬಳಕೆಯ ದಾಖಲೆ ಬರೆಯಲು ನಮ್ಮೊಂದಿಗೆ ಸರದಿಯ ಮೇಲೆ ಕೂರುತ್ತಿದ್ದಾರೆ.

ಆಕ್ಷೇಪಣೆಯ ಜೊತೆಗೆ ದೀಪ ಮತ್ತು ನಡಿಗೆಯ ದಾರಿಯ ದುರಸ್ತಿಗೆ ತಗಲುವ ವೆಚ್ಚದ ಅಂದಾಜುಪಟ್ಟಿಯನ್ನೂ ಸಲ್ಲಿಸಬೇಕೆಂದಿದ್ದೇವೆ. ನಗರ ಯೋಜನೆಯಲ್ಲಿದ್ದ ಮಹನೀಯರಲ್ಲಿ ಒಂದು ವಿನಂತಿ: ಆಡಳಿತದವರು ಮಾನ್ಯ ಮಾಡುವ ರೀತಿಯಲ್ಲಿ ಅಂತಹ ಪಟ್ಟಿಯನ್ನು ಯಾರಿಂದ ಸಿದ್ಧಪಡಿಸಿಸಬೇಕು, ಅದರಲ್ಲಿ ವಾರ್ಷಿಕ ನಿರ್ವಹಣೆಯ ಖರ್ಚನ್ನೂ ಸೇರಿಸಬೇಕೇ ಎಂಬುದನ್ನು ತಿಳಿಸಿಕೊಡುವಿರಾ?