ಮುಖ ಕಂಡ ಕೂಡಲೇ ‘ಗಂಡೋ ಹೆಣ್ಣೋ’ ಎಂಬ ಲೆಕ್ಕ: ನನ್ನ ಕಿರುಚಿತ್ರದಲ್ಲಿ ಇದನ್ನು ಹೇಗೆ ದಾಟಲಿ?

ಅರೆಬೆಳಕು ಕೇಳಿದ ಪ್ರಶ್ನೆ

ನಾನು ನಾನ್‌ಬೈನರಿ, ಅಂದರೆ ‘ಗಂಡು’, ‘ಹೆಣ್ಣು’ ಎಂಬ ಎರಡೇ ಗುರುತುಗಳಿಗೆ ಒಗ್ಗದ ವ್ಯಕ್ತಿ. ಹತ್ತಿರದ ಒಂದಿಬ್ಬರನ್ನು ಬಿಟ್ಟರೆ ಯಾರಿಗೂ ಇದನ್ನು ಬಾಯಿಬಿಟ್ಟು ಹೇಳಿಲ್ಲ. ಹೇಳಲು ಕುಳಿತಾಗಲೆಲ್ಲ ಅದು ವಾದವಾಗಿ ಮುಗಿಯುತ್ತದೆ. ಹಾಗಾಗಿ ಏಳೆಂಟು ನಿಮಿಷದ ಕಿರುಚಿತ್ರ ಮಾಡಲು ಹೊರಟಿದ್ದೇನೆ. ಮೊಬೈಲ್, ಟ್ರೈಪಾಡ್, ಕಿಟಕಿಯ ಬೆಳಕು, ಇಷ್ಟೇ ಸಲಕರಣೆ. ಕ್ಯಾಮೆರಾದ ಮುಂದೆಯೂ ನಾನೇ, ಹಿಂದೆಯೂ ನಾನೇ.

ಅಂಗಿಯ ಗುಂಡಿ ಹಾಕಿಕೊಳ್ಳುವ ಕೈಗಳು, ಕತ್ತಿನ ಹಿಂಭಾಗ, ಗೋಡೆಯ ಮೇಲಿನ ನೆರಳು ಎಲ್ಲ ಅಂದುಕೊಂಡಂತೆಯೇ ಬಂದಿವೆ. ಮುಖ ಬಂದ ಕೂಡಲೇ ಕೆಡುತ್ತದೆ. ವಿಷಯ ಗೊತ್ತಿರುವ ಗೆಳತಿಗೇ ತೋರಿಸಿದೆ. ಅವಳ ಕಣ್ಣು ನನ್ನ ಗದ್ದ, ಗಂಟಲು, ಎದೆ ಎಂದು ಗುರುತು ಹುಡುಕುತ್ತಾ ಹೋದದ್ದನ್ನು ಪಕ್ಕದಲ್ಲೇ ಕುಳಿತು ನೋಡಿದೆ. ನನ್ನ ದನಿ ಕೇಳಿಸಿದ ಮೇಲಂತೂ ತೀರ್ಪು ಬಂದೇಬಿಟ್ಟಿತು. ಹಾಗೆಂದು ಮುಖವನ್ನೇ ತೋರಿಸದಿದ್ದರೆ ಅವಿತುಕೊಂಡಂತಾಗುತ್ತದೆ. ಅದು ನನಗೆ ಸುತರಾಂ ಬೇಡ. ಕನ್ನಡಿಯ ಮುಂದೆ ಉಡುಪು ಬದಲಿಸುವ ದೃಶ್ಯ ಇರಲಿ ಎಂದು ಕೆಲವರು ಹೇಳುತ್ತಾರೆ. ಬೇಕೆ ಅದು?

ಕತ್ತರಿ ಕೆಲಸ ಕೊಟ್ಟ ಉತ್ತರ

ಕನ್ನಡಿ ದೃಶ್ಯ ಖಂಡಿತ ಬೇಡ. ‘ಮೊದಲು ಹೀಗಿದ್ದರು, ಆಮೇಲೆ ಹೀಗಾದರು’ ಎಂಬ ಕಥೆಯನ್ನು ಅದು ತಾನಾಗಿ ಎಳೆದು ತರುತ್ತದೆ. ನೀವು ಒಂದು ದಡ ಬಿಟ್ಟು ಇನ್ನೊಂದು ದಡಕ್ಕೆ ಹೊರಟವರಲ್ಲವಲ್ಲ.

ಮುಖದ ವಿಚಾರ. ಮುಂಬದಿಯ ಕ್ಯಾಮೆರಾ ಬಳಸುತ್ತಿದ್ದರೆ ಬಿಟ್ಟುಬಿಡಿ. ತೋಳಳತೆಯ ದೂರದಿಂದ ತೆಗೆದರೆ ಮೂಗು, ಗದ್ದ ಉಬ್ಬಿ ಕಿವಿಗಳು ಹಿಂದೆ ಸರಿಯುತ್ತವೆ. ಸಾಲದ್ದಕ್ಕೆ ಚಿತ್ರಿಸುವಾಗ ಪರದೆಯಲ್ಲಿ ಕಾಣುವುದು ಕನ್ನಡಿಯ ಬಿಂಬ; ಹಲವು ಫೋನುಗಳಲ್ಲಿ ಉಳಿಯುವ ವಿಡಿಯೊ ಎಡಬಲ ತಿರುಗಿರುತ್ತದೆ. ನಿಮ್ಮ ಮುಖ ನಿಮಗೇ ಪರಕೀಯವಾಗಿ ಕಾಣಲು ಇಷ್ಟು ಸಾಕು. ಹಿಂಬದಿಯ ಕ್ಯಾಮೆರಾದಿಂದ, ಎರಡು ಮೀಟರ್ ಆಚೆ ನಿಂತು, ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸ್ ಇದ್ದರೆ ಅದರಲ್ಲಿ ತೆಗೆಯಿರಿ.

ಅದಕ್ಕಿಂತ ಮುಖ್ಯವಾದದ್ದು ಅವಧಿ. ಎರಡು ಸೆಕೆಂಡು ತೋರಿಸಿ ಕತ್ತರಿಸಿದರೆ ನೋಡುವವರು ಅಷ್ಟರಲ್ಲೇ ತೀರ್ಮಾನಿಸಿ ಮುಂದೆ ಹೋಗುತ್ತಾರೆ. ನಲವತ್ತು ಸೆಕೆಂಡು ಕತ್ತರಿಸದೆ ಬಿಡಿ. ಮೊದಲು ಗುರುತು ಹುಡುಕುತ್ತಾರೆ, ಹುಡುಕಲಿ. ಆ ಕುತೂಹಲ ತೀರಿದ ಮೇಲೆ ನೀವು ಏನು ಮಾಡುತ್ತಿದ್ದೀರಿ ಎಂದು ನೋಡತೊಡಗುತ್ತಾರೆ. ಆದ್ದರಿಂದ ಕೈಗೊಂದು ನಿಜವಾದ ಕೆಲಸ ಕೊಡಿ: ಸೂಜಿಗೆ ದಾರ ಪೋಣಿಸಿ ಹರಿದ ಜೇಬು ಹೊಲಿಯಿರಿ. ದಾರ ತಪ್ಪಿದಾಗ ಹುಬ್ಬು ಗಂಟಿಕ್ಕುತ್ತದೆ, ನಾಲಿಗೆ ತುಟಿಯಂಚಿಗೆ ಬರುತ್ತದೆ. ಕೆಲಸದಲ್ಲಿ ಮುಳುಗಿದ ಮುಖ ಯಾರ ಪ್ರಶ್ನೆಗೂ ಉತ್ತರ ಕೊಡುತ್ತಾ ಕುಳಿತಿರುವುದಿಲ್ಲ.

ಮೂರನೆಯ ಸಾಲು ಕೊಟ್ಟ ಉತ್ತರ

ನಾನೂ ನಾನ್‌ಬೈನರಿ. ಮುಖ ತೋರಿಸದಿದ್ದರೆ ಅವಿತುಕೊಂಡಂತೆ ಎಂಬುದನ್ನು ಒಪ್ಪಲಾರೆ. ಬ್ರಿಟಿಷ್ ನಿರ್ದೇಶಕ ಡೆರೆಕ್ ಜಾರ್ಮನ್ ಅವರ 1993ರ ಚಿತ್ರ ‘ಬ್ಲೂ’ ನೋಡಿ. 79 ನಿಮಿಷ ಪರದೆಯ ಮೇಲೆ ನೀಲಿಯಲ್ಲದೆ ಬೇರೇನೂ ಇಲ್ಲ. ಏಡ್ಸ್‌ನಿಂದ ದೃಷ್ಟಿ ಕಳೆದುಕೊಳ್ಳುತ್ತಿದ್ದವರು ಮಾಡಿದ ಚಿತ್ರ ಅದು. ಅಷ್ಟು ಬಿಚ್ಚುಮನಸ್ಸಿನ ಚಿತ್ರಗಳು ಕಡಿಮೆ. ನಿಮ್ಮ ದನಿಯ ತೊಡಕಿಗೂ ಅಲ್ಲೇ ದಾರಿಯಿದೆ: ಜಾರ್ಮನ್ ಅವರ ಮಾತನ್ನು ಅವರೊಬ್ಬರೇ ಓದುವುದಿಲ್ಲ, ನಟಿ ಟಿಲ್ಡಾ ಸ್ವಿಂಟನ್ ಸೇರಿದಂತೆ ಇನ್ನೂ ಕೆಲವರು ಓದುತ್ತಾರೆ. ಒಬ್ಬರ ‘ನಾನು’, ಹಲವು ಗಂಟಲು. ನಿಮ್ಮ ದನಿಯನ್ನು ಸಾಫ್ಟ್‌ವೇರ್‌ನಲ್ಲಿ ತೆಳುಮಾಡುವುದು, ದಪ್ಪಮಾಡುವುದು ಮಾತ್ರ ಬೇಡ. ಅದು ನಿಮ್ಮ ದನಿಗೆ ಅವಮಾನ.

ಇನ್ನು ಮುಖಕ್ಕೆ ತೀರಾ ಹತ್ತಿರ ಹೋಗುವ ದಾರಿಯೂ ಇದೆ. ಅಮೆರಿಕದ ವಿಡಿಯೊ ಕಲಾವಿದ ಸೇಡಿ ಬೆನ್ನಿಂಗ್ ಹದಿಹರೆಯದಲ್ಲಿ, 1980ರ ದಶಕದ ಕೊನೆಯಲ್ಲಿ, ತಮ್ಮ ಕೋಣೆಯಲ್ಲೇ ವಿಡಿಯೊ ದಿನಚರಿ ಶುರುಮಾಡಿದರು. ಪಿಎಕ್ಸ್‌ಎಲ್ 2000 ಎಂಬ ಮಕ್ಕಳ ಆಟಿಕೆ ಕ್ಯಾಮೆರಾ. ಸಾಮಾನ್ಯ ಆಡಿಯೊ ಕ್ಯಾಸೆಟ್ಟಿನ ಮೇಲೆ ಕಪ್ಪು ಬಿಳುಪಿನಲ್ಲಿ ದಾಖಲಾಗುತ್ತಿತ್ತು. ಒಂದು ಕಣ್ಣು, ತುಟಿಯ ಅಂಚು, ಕೈಬರಹದ ಚೀಟಿ ಪರದೆ ತುಂಬುತ್ತವೆ. ಅಷ್ಟು ಹತ್ತಿರದಲ್ಲಿ ಲೆಕ್ಕ ಹಾಕಲು ಯಾರಿಗೂ ಜಾಗವಿರುವುದಿಲ್ಲ.

ಹೊಸ್ತಿಲು ಕೊಟ್ಟ ಉತ್ತರ

ಒಂದು ಎಚ್ಚರಿಕೆ. ಮನೆಯವರಿಗೆ ಇನ್ನೂ ಹೇಳಿಲ್ಲವಾದರೆ ಅಂತರ್ಜಾಲಕ್ಕೆ ಏರಿಸುವ ಮುನ್ನ ಯೋಚಿಸಿ. ಯೂಟ್ಯೂಬಿನಲ್ಲಿ ‘ಅನ್‌ಲಿಸ್ಟೆಡ್’ ಎಂದರೆ ಗುಟ್ಟಲ್ಲ, ಕೊಂಡಿ ಕೈಗೆ ಸಿಕ್ಕ ಯಾರಾದರೂ ನೋಡಬಹುದು. ಫೋನಿನ ಮೂಲ ಕಡತದಲ್ಲಿ ಸ್ಥಳದ ಮಾಹಿತಿಯೂ ಸೇರಿರಬಹುದು. ಕ್ಯಾಮೆರಾಕ್ಕೆ ಕೊಟ್ಟ ಲೊಕೇಶನ್ ಅನುಮತಿ ತೆಗೆದುಹಾಕಿ.

ಅರೆಬೆಳಕು

ಹಲವು ಗಂಟಲು ಎಂಬುದನ್ನು ಓದಿ ಎದ್ದು ಓಡಾಡಿದೆ. ನನ್ನದೂ ಅವುಗಳಲ್ಲಿ ಒಂದಾಗಿರಲಿ. ಜೇಬು ಹೊಲಿಯುವ ದೃಶ್ಯ ನಾಳೆಯೇ. ಕತ್ತರಿ ಕೆಲಸ ಅವರೇ, ಗೆಳೆಯರು ತಮ್ಮ ತಮ್ಮ ಫೋನಿನಲ್ಲಿ ಓದಿ ಕಳುಹಿಸಿದರೆ ನಡೆಯುತ್ತದೆಯೆ?

ಕತ್ತರಿ ಕೆಲಸ

ಬೇಡ, ಕೋಣೆಗಳ ವ್ಯತ್ಯಾಸ ಕಿವಿಗೆ ಹೊಡೆಯುತ್ತದೆ. ಒಂದೇ ಕೋಣೆ, ಒಂದೇ ಮೈಕ್, ಬಾಯಿಂದ ಒಂದು ಗೇಣು ದೂರ. ಕೊನೆಗೆ ಯಾರೂ ಮಾತನಾಡದೆ ಅರ್ಧ ನಿಮಿಷ ಕೋಣೆಯ ಸದ್ದನ್ನೂ ಹಿಡಿದಿಡಿ, ಜೋಡಿಸುವಾಗ ಬೇಕಾಗುತ್ತದೆ. ಎಲ್ಲರೂ ಪೂರ್ತಿ ಬರಹವನ್ನು ಓದಲಿ. ಯಾವ ಸಾಲು ಯಾರ ದನಿಗೆ ಎಂಬುದನ್ನು ಸಂಕಲನದ ಮೇಜಿನ ಮುಂದೆ ಕುಳಿತಾಗ ತೀರ್ಮಾನಿಸಿ.