‘ಪಾರ್ಸ್ಲಿ ಪಿಯರ್ಟ್’: ಕಲ್ಲು ಕೊರೆಯುವುದೇ, ಒಡೆಯುವುದೇ, ಕರಗಿಸುವುದೇ?

ಮಾನ್ಯರೇ,

ಯುರೋಪಿನ ಹೊಲಗಳ ಕಳೆಗಿಡಗಳನ್ನು ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿರುವ ನಾನು ‘ಪಾರ್ಸ್ಲಿ ಪಿಯರ್ಟ್’ ಎಂಬ ಇಂಗ್ಲಿಷ್ ಹೆಸರಿನ ಬಳಿ ತಡೆದು ನಿಂತಿದ್ದೇನೆ. ಗುಲಾಬಿಯ ಕುಟುಂಬಕ್ಕೆ ಸೇರಿದ್ದರೂ ಮುಳ್ಳಾಗಲಿ ಹೂವಿಗೆ ಎಸಳಾಗಲಿ ಇಲ್ಲದ, ನೆಲಕ್ಕೆ ಅಂಟಿದಂತೆ ಬೆಳೆದು ವರ್ಷದೊಳಗೆ ಒಣಗಿಹೋಗುವ ಪುಟ್ಟ ಗಿಡವಿದು. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ‘ಅಫೇನೀಸ್ ಆರ್ವೆನ್ಸಿಸ್’ ಎಂಬ ಹೆಸರಿನ ಮೊದಲ ಪದಕ್ಕೆ ಗ್ರೀಕಿನಲ್ಲಿ ‘ಕಣ್ಣಿಗೆ ಬೀಳದ್ದು’ ಎಂದೂ ಎರಡನೆಯದಕ್ಕೆ ಲ್ಯಾಟಿನ್ನಿನಲ್ಲಿ ‘ಉಳುವ ಹೊಲದ್ದು’ ಎಂದೂ ಅರ್ಥ. ಅದರಲ್ಲಿ ತೊಡಕಿಲ್ಲ.

ಇಂಗ್ಲಿಷ್ ಹೆಸರನ್ನು ನಂಬಿ ನಾನು ಮೊದಲು ‘ಪಾರ್ಸ್ಲಿ ಜಾತಿಯ ಸೊಪ್ಪು’ ಎಂದು ಬರೆದಿದ್ದೆ. ಅದು ತಪ್ಪು, ಪಾರ್ಸ್ಲಿ ಕೊತ್ತಂಬರಿಯ ಕುಟುಂಬದ್ದು. ಫ್ರೆಂಚಿನ ‘ಪೆರ್ಸ್-ಪಿಯೆರ್’, ಅಂದರೆ ‘ಕಲ್ಲು ಕೊರೆಯುವುದು’ ಎಂಬ ಮಾತು ಇಂಗ್ಲಿಷರ ಬಾಯಲ್ಲಿ ಸವೆದು, ಸೀಳುಸೀಳಾದ ಎಲೆಯ ಹೋಲಿಕೆಯೂ ಸೇರಿ, ಅವರಿಗೆ ಪರಿಚಿತವಾದ ಪಾರ್ಸ್ಲಿಯಾಗಿದೆ. ಜನಪದ ನಿರುಕ್ತಿಗೆ ಇದೊಂದು ಅಚ್ಚುಕಟ್ಟಾದ ಉದಾಹರಣೆ. ಮೂತ್ರಕೋಶದ ಕಲ್ಲಿಗೆ ಮದ್ದೆಂದು ಹಿಂದೆ ಅಲ್ಲಿ ಇದನ್ನು ಬಳಸುತ್ತಿದ್ದರು. ಬಂಡೆಗೂ ಈ ರೋಗಕ್ಕೂ ಕನ್ನಡದಲ್ಲಿಯೂ ‘ಕಲ್ಲು’ ಎಂಬ ಒಂದೇ ಪದವಿರುವುದರಿಂದ ಹೆಸರಿನ ಅರ್ಧ ಭಾಗ ತಾನಾಗಿಯೇ ದೊರೆಯುತ್ತದೆ.

ಉಳಿದರ್ಧವೇ ಕಷ್ಟ. ಮೂಲಕ್ಕೆ ನಿಷ್ಠವಾಗಿ ‘ಕಲ್ಲುಕೊರಕ’ ಎನ್ನೋಣವೆಂದರೆ, ಚಿಕ್ಕಮಗಳೂರಿನ ನಮ್ಮ ಕಾಫಿ ತೋಟಗಳಲ್ಲಿ ಕಾಂಡಕೊರಕ, ಕಾಯಿಕೊರಕಗಳ ಕಾಟ ಉಂಡವರಿಗೆ ‘ಕೊರಕ’ ಎಂದೊಡನೆ ನೆನಪಾಗುವುದು ಹುಳುವೇ ಹೊರತು ಗಿಡವಲ್ಲ. ಆಯುರ್ವೇದದ ‘ಪಾಷಾಣಭೇದಿ’, ಅಂದರೆ ‘ಕಲ್ಲೊಡೆಯುವುದು’, ಅರ್ಥದಲ್ಲಿ ಸರಿಯಾಗಿ ಹೊಂದುತ್ತದೆ. ಆದರೆ ಆ ಹೆಸರು ಈಗಾಗಲೇ ಹಿಮಾಲಯದ ಗಿಡವೊಂದಕ್ಕೂ ದಕ್ಷಿಣದ ಬೇರೆ ಬೇರೆ ಗಿಡಗಳಿಗೂ ಸಲ್ಲುತ್ತಿದೆ. ಅಲ್ಲದೆ ಆಡುಮಾತಿನಲ್ಲಿ ಪಾಷಾಣವೆಂದರೆ ವಿಷ, ಭೇದಿಯೆಂದರೆ ಹೊಟ್ಟೆ ಕೆಡುವುದು. ಮದ್ದಿನ ಗಿಡಕ್ಕೆ ಈ ಎರಡೂ ನೆರಳು ಬೀಳುವುದು ನನಗೆ ಒಪ್ಪಿಗೆಯಾಗದು. ಇನ್ನು ನಮ್ಮ ಮನೆಗಳಲ್ಲಿ ಬಾಳೆದಿಂಡಿನ ಪಲ್ಯ ಬಡಿಸುವಾಗ ‘ಕಲ್ಲು ಕರಗುತ್ತದೆ’ ಎನ್ನುತ್ತಾರೆ, ಒಡೆಯುತ್ತದೆ ಎಂದಾಗಲಿ ಕೊರೆಯುತ್ತದೆ ಎಂದಾಗಲಿ ಹೇಳಿದ್ದನ್ನು ನಾನು ಕೇಳಿಲ್ಲ. ಆದ್ದರಿಂದ ‘ಕಲ್ಲುಕರಗ’ ಎಂಬ ರೂಪದ ಕಡೆಗೆ ನನ್ನ ಮನಸ್ಸು ವಾಲಿದೆ.

ಇನ್ನೊಂದು ಅನುಮಾನವೂ ಇದೆ. ದಕ್ಷಿಣ ಅಮೆರಿಕದಲ್ಲಿ ನೆಲನೆಲ್ಲಿಯ ಜಾತಿಯ ಗಿಡವನ್ನು ‘ಕಲ್ಲೊಡೆಯುವುದು’ ಎಂಬರ್ಥದ ಹೆಸರಿನಿಂದಲೇ ಕರೆಯುತ್ತಾರೆ. ನಾವಾದರೋ ಅದರ ರೂಪವನ್ನೂ ಎತ್ತರವನ್ನೂ ನೋಡಿ ನೆಲನೆಲ್ಲಿ ಎಂದೆವು. ಒಂದೆಲಗವೂ ಹಾಗೆಯೇ ಕಣ್ಣಿಗೆ ಕಂಡದ್ದರಿಂದ ಹುಟ್ಟಿದ ಹೆಸರು. ಹಾಗಿರುವಾಗ ರೂಪವನ್ನು ಬಿಟ್ಟು ಮದ್ದಿನ ಗುಣದಿಂದ ಹೆಸರಿಟ್ಟರೆ ಅದು ಕನ್ನಡಕ್ಕೆ ಸಹಜವೆನಿಸುತ್ತದೆಯೇ ಎಂಬುದೇ ನನ್ನ ಅನುಮಾನ.

ಬಲ್ಲವರಲ್ಲಿ ನನ್ನ ವಿನಂತಿ ಇಷ್ಟು: ‘ಕಲ್ಲುಕರಗ’ ಎಂಬಲ್ಲಿ ‘ಕರಗು’ ಧಾತುವಿನಿಂದ ‘ಕರಗಿಸುವುದು’ ಎಂಬ ಪ್ರೇರಣಾರ್ಥವನ್ನು ಪಡೆಯುವುದು ವ್ಯಾಕರಣಕ್ಕೆ ಒಪ್ಪುತ್ತದೆಯೇ? ಹಾಸನ, ಸಕಲೇಶಪುರ, ಮೂಡಿಗೆರೆಯ ಕಡೆ ಕಲ್ಲಿನ ಮದ್ದಿನ ಸೊಪ್ಪುಗಳಿಗೆ ‘ಕಲ್ಲು’ ಸೇರಿದ ಹಳೆಯ ಹೆಸರೇನಾದರೂ ಬಳಕೆಯಲ್ಲಿದ್ದರೆ, ಕೇಳಿದ ಊರಿನ ಹೆಸರಿನೊಡನೆ ದಯವಿಟ್ಟು ತಿಳಿಸಿ.