ಡೈನಮಿಕ್ ಬಿಟ್ಟು ಲೆಕ್ಸಿಕಲ್ ಸ್ಕೋಪಿಂಗ್‌ಗೆ ಹೋದವರು ಅನುಭವ ಹೇಳಿ

ಹೊಸಬ: ಈಮ್ಯಾಕ್ಸ್ ಎಡಿಟರ್‌ನ ಲಿಸ್ಪ್ ಭಾಷೆಯಲ್ಲಿ ಬರೆದ ಹಳೇ ಪ್ಯಾಕೇಜ್ ಒಂದು ನನ್ನ ತಲೆಗೆ ಬಂದಿದೆ. ಪೂರ್ತಿ ಡೈನಮಿಕ್ ಸ್ಕೋಪಿಂಗ್ ನಂಬಿ ಬರೆದದ್ದು, ಅಂದರೆ ವೇರಿಯಬಲ್‌ನ ಬೆಲೆ ಫಂಕ್ಷನ್ ಅನ್ನು ಯಾರು ಕರೆದರು ಎಂಬುದರ ಮೇಲೆ ನಿಲ್ಲುತ್ತದೆ; ಲೆಕ್ಸಿಕಲ್‌ನಲ್ಲಿ ಕೋಡ್ ಬರೆದ ಜಾಗದ ಮೇಲೆ. ಈಮ್ಯಾಕ್ಸ್ 30ರಲ್ಲಿ ಕಂಪೈಲ್ ಮಾಡಿದರೆ, ಮೊದಲ ಸಾಲಿನಲ್ಲಿ ಲೆಕ್ಸಿಕಲ್-ಬೈಂಡಿಂಗ್ ಇಲ್ಲ ಎಂದು ವಾರ್ನಿಂಗ್. ಬದಲಾಯಿಸಲಾ, ಹಾಗೇ ಬಿಡಲಾ? ಟೆಸ್ಟ್‌ಗಳಿಲ್ಲ.

ಕ್ಲೋಷರ್ ಭಕ್ತ: ಬದಲಾಯಿಸಿ, ಯೋಚನೆಯೇ ಬೇಡ. ನನ್ನ ಕೋಡ್‌ನಲ್ಲಿ ಟೈಮರ್‌ಗೆ ಒಂದು ಲ್ಯಾಂಬ್ಡಾ (ಹೆಸರಿಲ್ಲದ ಫಂಕ್ಷನ್) ಕೊಟ್ಟಿತ್ತು. ಅದು ಹೊರಗಿನ ಲೆಟ್‌ನ (ವೇರಿಯಬಲ್‌ಗೆ ತಾತ್ಕಾಲಿಕ ಬೆಲೆ ಕೊಡುವ ಬ್ಲಾಕ್) ವೇರಿಯಬಲ್ ಓದುತ್ತಿತ್ತು. ಟೈಮರ್ ಓಡುವ ಹೊತ್ತಿಗೆ ಲೆಟ್ ಮುಗಿದಿರುತ್ತದೆ, ವಾಯ್ಡ್ ವೇರಿಯಬಲ್ (ಬೆಲೆಯೇ ಇಲ್ಲ) ಎಂಬ ಎರರ್. ಅದಾದರೂ ವಾಸಿ. ಇನ್ನೊಂದು ಕಡೆ ಅದೇ ಹೆಸರಿನ ಗ್ಲೋಬಲ್ ಇತ್ತು, ತೆಪ್ಪಗೆ ಬೇರೆ ಫೈಲನ್ನು ಸೇವ್ ಮಾಡುತ್ತಿತ್ತು! ಬ್ಯಾಕ್‌ಕೋಟ್, ಕಾಮಾ ಹಾಕಿ ಬೆಲೆಯನ್ನು ಲ್ಯಾಂಬ್ಡಾದೊಳಗೆ ತುರುಕುವುದು ಆಗಿನ ಉಪಾಯ. ಕಂಪೈಲರ್‌ಗೆ ಅದು ಬರೀ ಲಿಸ್ಟ್, ಒಳಗಿನ ತಪ್ಪು ಕಾಣುವುದಿಲ್ಲ. ಲೆಕ್ಸಿಕಲ್ ಮಾಡಿದರೆ ಲ್ಯಾಂಬ್ಡಾ ಹೊರಗಿನ ವೇರಿಯಬಲ್ಲನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ, ಅದೇ ಕ್ಲೋಷರ್; ಆ ಕಸವನ್ನೆಲ್ಲ ಗುಡಿಸಿದೆ. 2012ರಲ್ಲೇ, ಈಮ್ಯಾಕ್ಸ್ 24ರಲ್ಲೇ ಬಂದದ್ದಕ್ಕೆ ಇನ್ನೂ ಎಂಥ ಮೀನಮೇಷ?

ಹಳೇ ತಲೆ: ಈ "ಯೋಚನೆಯೇ ಬೇಡ" ಗಿರಾಕಿಗಳಿಂದ ನಾನು ಪಟ್ಟ ಪಾಡು ಸಾಕು. ಮೊದಲ ಸಾಲು ಸೇರಿಸಿದೆ, ಎರರ್ ಇಲ್ಲ, ಖುಷಿಯಾಯಿತು. ಆದರೆ ಸೆಟ್ಟಿಂಗ್‌ಗಳು ಸತ್ತು ಬಿದ್ದಿದ್ದವು. ಇನ್ನೊಂದು ಪ್ಯಾಕೇಜಿನ ವೇರಿಯಬಲ್ಲನ್ನು ಲೆಟ್‌ನಲ್ಲಿ ಬದಲಿಸಿ ಅದರ ಫಂಕ್ಷನ್ ಕರೆಯುವುದು ನನ್ನ ರೂಢಿ. ಕಂಪೈಲ್ ಆಗುವಾಗ ಆ ಪ್ಯಾಕೇಜ್ ಲೋಡ್ ಆಗಿರದಿದ್ದರೆ ಅದರ ಡೆಫ್‌ವಾರ್ (ವೇರಿಯಬಲ್ ಡೈನಮಿಕ್ ಎಂದು ಸಾರುವ ಸಾಲು) ಕಂಪೈಲರ್‌ಗೆ ಕಾಣುವುದಿಲ್ಲ. ಆಗ ನನ್ನ ಲೆಟ್ ಸುಮ್ನೆ ಲೋಕಲ್, ಆ ಫಂಕ್ಷನ್‌ಗೆ ಹಳೇ ಬೆಲೆಯೇ ಸಿಗುತ್ತದೆ. ನನ್ನ ಮಷಿನ್‌ನಲ್ಲಿ ಎಲ್ಲ ಲೋಡ್ ಆಗಿರುತ್ತದೆ, ಸರಿಯಾಗಿ ಓಡುತ್ತದೆ. ಬಳಸುವವರು ಮಾತ್ರ ಬೈಯುತ್ತಾರೆ.

ಕ್ಲೋಷರ್ ಭಕ್ತ: ವಾರ್ನಿಂಗ್ ಓದಿಲ್ಲ ಅಂತಾಯ್ತು. ಬಳಕೆಯಾಗದ ಲೆಕ್ಸಿಕಲ್ ವೇರಿಯಬಲ್ ಎಂದು ಕಂಪೈಲರ್ ಬಾಯಿ ಬಡಿದುಕೊಳ್ಳುತ್ತದೆ. ಬೆಲೆಯಿಲ್ಲದ ಡೆಫ್‌ವಾರ್ ಒಂದು ಸಾಲು ಹಾಕಿದ್ದರೆ ಮುಗಿದಿತ್ತು.

ಹಳೇ ತಲೆ: ಓದಿದೆ ಸ್ವಾಮಿ. ಲೆಟ್ ಒಳಗೇ ಒಂದು ಕಡೆ ಆ ವೇರಿಯಬಲ್ ಓದಿದ್ದೆ, ಹಾಗಾಗಿ "ಬಳಕೆಯಾಗದ" ಆಗಲೇ ಇಲ್ಲ, ವಾರ್ನಿಂಗೂ ಬರಲಿಲ್ಲ. ಈಗೇನಂತೀರಿ?

ಹೊಸಬ: ನನ್ನದರಲ್ಲಿ ಟೈಮರ್ ಒಂದೂ ಇಲ್ಲ. ಫೈಲ್ ಫೈಲಾಗಿ ಮಾಡಬಹುದಾ?

ಶೆಲ್ ಸಂತ್ರಸ್ತ: ನಿಮಗೆಲ್ಲ ಆಯ್ಕೆಯಾದರೂ ಇದೆ. ಬ್ಯಾಶ್ ಶೆಲ್‌ನಲ್ಲಿ ಲೋಕಲ್ ಅಂದರೂ ಡೈನಮಿಕ್ಕೇ. ಲೂಪ್‌ನಲ್ಲಿ 'ಐ' ಲೋಕಲ್ ಮಾಡಿಟ್ಟು ಯಾರೋ ಬರೆದ ಫಂಕ್ಷನ್ ಕರೆದೆ. ಅದರೊಳಗೆ ಲೋಕಲ್ ಹಾಕದ ಇನ್ನೊಂದು 'ಐ'. ನನ್ನ ಲೂಪ್ ನಿಲ್ಲಲೇ ಇಲ್ಲ, ಡಿಸ್ಕ್ ಪೂರ್ತಿ ಲಾಗ್. ಬ್ಯಾಶ್ 4.3ರಲ್ಲಿ ನೇಮ್‌ರೆಫ್ (ಇನ್ನೊಂದು ವೇರಿಯಬಲ್ಲನ್ನು ಸೂಚಿಸುವ ಹೆಸರು) ಬಂತಲ್ಲ ಅಂದುಕೊಂಡರೆ, ಕರೆಯುವವನೂ ಅದೇ ಹೆಸರು ಇಟ್ಟಿದ್ದರೆ ಸರ್ಕ್ಯುಲರ್ ನೇಮ್ ರೆಫರೆನ್ಸ್. ಈಗ ಎಲ್ಲ ಹೆಸರಿಗೂ ಎರಡೆರಡು ಅಂಡರ್‌ಸ್ಕೋರ್.

ಪರ್ಲ್ ಪ್ರೇಮಿ: ಪರ್ಲ್ 5ರಲ್ಲಿ ಎರಡೂ ಇವೆ. 'ಮೈ' ಲೆಕ್ಸಿಕಲ್, 'ಲೋಕಲ್' ಡೈನಮಿಕ್. ಫೈಲ್ ಪೂರ್ತಿ ಒಂದೇ ಏಟಿಗೆ ಓದಲು ರೆಕಾರ್ಡ್ ಸೆಪರೇಟರ್ (ಒಂದು ಸಲಕ್ಕೆ ಎಲ್ಲಿಯವರೆಗೆ ಓದಬೇಕೆಂದು ಹೇಳುವ ವೇರಿಯಬಲ್) ಅನ್ನು ಲೋಕಲ್ ಮಾಡುತ್ತೇನೆ. ಬ್ಲಾಕ್ ಮುಗಿದ ತಕ್ಷಣ ಹಳೇ ಬೆಲೆ ವಾಪಸ್, ಮಧ್ಯೆ ಎರರ್ ಬಂದು ಡೈ ಆದರೂ ಸಹ.

ಶೆಲ್ ಸಂತ್ರಸ್ತ: ಇಲ್ಲಿ ಪರ್ಲ್ ಕೇಳಿದವರು ಯಾರು?

ಪರ್ಲ್ ಪ್ರೇಮಿ: ಬ್ಯಾಶ್ ಕೇಳಿದವರು ಯಾರೋ, ಅವರೇ.

ಕ್ಲೋಷರ್ ಭಕ್ತ: ಮೂಲಕ್ಕೇ ಹೋಗೋಣ. ಲಿಸ್ಪ್‌ನ ಡೈನಮಿಕ್ ಸ್ಕೋಪಿಂಗ್ ತೊಡಕನ್ನು ಲಿಸ್ಪ್ ಸೃಷ್ಟಿಸಿದ ಮೆಕಾರ್ಥಿಯೇ ಬರೀ ಬಗ್ ಎಂದುಕೊಂಡಿದ್ದರು, ಅದರ ಮೊದಲ ಇಂಟರ್‌ಪ್ರಿಟರ್ ಬರೆದ ಸ್ಟೀವ್ ರಸೆಲ್ ಸರಿಮಾಡುತ್ತಾರೆ ಎಂದು ನಂಬಿದ್ದರು. 1975ರಲ್ಲಿ ಸ್ಕೀಮ್ ಎಂಬ ಲಿಸ್ಪ್ ಬಂದು ಲೆಕ್ಸಿಕಲ್ ಆಯ್ತು. ಬಗ್ಗನ್ನು ಫೀಚರ್ ಅನ್ನಬೇಡಿ.

ಹಳೇ ತಲೆ: ಬಗ್ ಆಗಿದ್ದರೆ ಕಾಮನ್ ಲಿಸ್ಪ್ ಸ್ಪೆಷಲ್ (ಡೈನಮಿಕ್) ವೇರಿಯಬಲ್‌ಗಳನ್ನು ಉಳಿಸಿಕೊಂಡು, ಹೆಸರಿನ ಎರಡೂ ಕಡೆ ನಕ್ಷತ್ರ ಹಾಕಿ ಮೆರೆಸಿದ್ದು ಯಾಕೆ? ಕ್ಲೋಜರ್ (Clojure) ಭಾಷೆಯಲ್ಲಿ ಡೈನಮಿಕ್ ಬೆಲೆ ಕೊಡುವ 'ಬೈಂಡಿಂಗ್' ಯಾಕಿದೆ? ಔಟ್‌ಪುಟ್ ಸ್ಟ್ರೀಮನ್ನು ಇಪ್ಪತ್ತು ಫಂಕ್ಷನ್‌ಗೂ ಆರ್ಗ್ಯುಮೆಂಟ್ ಆಗಿ ಹೊರಿಸಿ ತೋರಿಸಿ, ಆಮೇಲೆ ಮಾತಾಡೋಣ.

ಕ್ಲೋಷರ್ ಭಕ್ತ: ಹೊರಿಸುತ್ತೇನೆ. ಯಾವ ಬೆಲೆ ಎಲ್ಲಿಂದ ಬಂತು ಅಂತ ಆಗಲಾದರೂ ಗೊತ್ತಾಗುತ್ತದೆ.